ಕೊನೆಯ ಬೆಂಚಿನಲ್ಲಿ ಸೋದರಮಾವ

ಆ ಹುಡುಗಿಯ ಸೋದರಮಾವ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಬಂದು ಕೂತಿದ್ದು ನಿಜ. ಅದಕ್ಕೆ ನಲವತ್ತು ಮಕ್ಕಳು ಸಾಕ್ಷಿ. ಅದಕ್ಕೆ ಮುಂಚೆ ನಾನು ಏನು ಮಾಡಿದೆ ಎನ್ನುವುದು ಮಾತ್ರ ಈಗ ಖಾತ್ರಿಯಿಲ್ಲ. ಈ ಪ್ರಸಂಗವನ್ನು ಶಿಕ್ಷಕರ ತರಬೇತಿಗಳಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಹೋದ ಕಡೆಯೆಲ್ಲ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದರೊಳಗೆ ನಾನು ಸ್ವಲ್ಪ ಸ್ವಲ್ಪ ಒಳ್ಳೆಯವನಾಗುತ್ತ ಬಂದಿರಬೇಕು. ಜನಪದ ಕಥೆ ಬಾಯಿಂದ ಬಾಯಿಗೆ ಹೇಗೆ ಬದಲಾಗುತ್ತದೆ ಎಂದು ವರ್ಷ ವರ್ಷವೂ ಪಾಠ ಮಾಡುವವನು ನಾನು. ಒಂದೇ ಬಾಯಲ್ಲೂ ಬದಲಾಗುತ್ತದೆ ಎಂಬುದನ್ನು ಯೋಚಿಸಿರಲಿಲ್ಲ.

ನನ್ನ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಕನ್ನಡ ಪಾಠ ಮಾಡುವುದು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ. ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯವರಿಗೆ, ಮನೆಯಲ್ಲಿ ಕೇಳಿದ ಒಂದು ಕಥೆಯನ್ನು ಪ್ರತಿಯೊಬ್ಬರೂ ಎದ್ದುನಿಂತು ಹೇಳಬೇಕು ಎಂದಿದ್ದೆ. ಬರೆದು ತರುವಂತಿಲ್ಲ. ಚಟುವಟಿಕೆಗೆ ಹತ್ತು ಅಂಕ. ಹಲವರು ಟಿವಿಯಲ್ಲಿ ನೋಡಿದ್ದನ್ನೇ ಅಜ್ಜಿಯ ತಲೆಗೆ ಕಟ್ಟಿದರು. ಒಬ್ಬ ಹುಡುಗ ತನ್ನ ಅಜ್ಜಿಯ ತಮಿಳು ಕಥೆಯನ್ನು ಕನ್ನಡದಲ್ಲಿ ಹೇಳಹೊರಟು, ಅರ್ಧ ದಾರಿಯಲ್ಲಿ ನರಿಯನ್ನು ಮರೆತು ಆಮೆಯೊಂದನ್ನೇ ಊರು ಸೇರಿಸಿದ.

ಆ ಹುಡುಗಿಯ ಸರದಿ ಬಂತು. ಎದ್ದು ನಿಂತಳು.

"ಸಾರ್, ಹಗಲೊತ್ತು ಕಥೆ ಹೇಳ್ಬಾರ್ದು."

"ಹೇಳಿದ್ರೆ ಏನಾಗುತ್ತಮ್ಮ?"

"ಸೋದರಮಾವ ದಾರಿ ತಪ್ಪಿಸ್ಕೊಳ್ತಾರೆ."

ತರಗತಿ ನಕ್ಕಿತು. "ಅವಳ ಮಾವ ಲಾರಿ ಓಡಿಸ್ತಾರೆ ಸಾರ್, ಅದಕ್ಕೇ" ಎಂದಳು ಪಕ್ಕದವಳು. "ಫೋನಲ್ಲಿ ಮ್ಯಾಪ್ ಇರುತ್ತಲ್ಲೇ, ಹಾಕ್ಕೊಳ್ಳೋಕೆ ಹೇಳು" ಎಂದ ಹಿಂದಿನ ಬೆಂಚಿನವನು.

"ಅಡಿಕೆ ಲೋಡು ತಗೊಂಡು ಗುಜರಾತಿಗೆ ಹೋಗಿದ್ದಾರೆ ಸಾರ್" ಎಂದು ಅವಳು ನನಗೊಬ್ಬನಿಗೇ ಹೇಳುವಂತೆ ಹೇಳಿದಳು. "ಬಂದ್ಮೇಲೆ ಹೇಳ್ತೀನಿ."

ಅವಳಿಗೆ ತಂದೆ ಇರಲಿಲ್ಲ. ಅವಳೂ ಅವಳ ತಾಯಿಯೂ ಇದ್ದದ್ದು ಆ ಮಾವನ ಮನೆಯಲ್ಲೇ. ಇದು ನನಗೆ ಆಗಲೇ ಗೊತ್ತಿತ್ತೋ ಆಮೇಲೆ ಗೊತ್ತಾಯಿತೋ, ಹೇಳಲಾರೆ. ನಂಬಿಕೆಯಂತೂ ಗೊತ್ತಿತ್ತು. ಎಂ.ಎ. ಓದುವಾಗ ಹಳ್ಳಿ ಸುತ್ತಿ ಬರೆದ ಕಿರುಪ್ರಬಂಧದ ನಂಬಿಕೆಗಳ ಪಟ್ಟಿಯಲ್ಲಿ ಅದೂ ಒಂದು ಸಾಲಾಗಿ ಸೇರಿತ್ತು. ಆ ಸಾಲಿನ ಆಚೆ ತುದಿಯಲ್ಲಿ ಎಲ್ಲೋ ಹೆದ್ದಾರಿಯ ಮೇಲೆ ಒಬ್ಬ ಮಾವ ಲಾರಿ ಓಡಿಸುತ್ತಿರಬಹುದು ಎಂದು ಬರೆಯುವಾಗ ಹೊಳೆದಿರಲಿಲ್ಲ.

ಇಲ್ಲಿಂದ ಮುಂದೆ ನಾನು ಎಲ್ಲರಿಗೂ ಹೇಳುತ್ತ ಬಂದದ್ದು ಹೀಗೆ: "ಆಯ್ತಮ್ಮ, ನಿಮ್ಮ ಮಾವ ಬರ್ಲಿ, ಕಾಯೋಣ" ಎಂದೆ. ಎರಡೇ ದಿನಕ್ಕೆ ಮಾವ ಬಂದರು. ಇಲ್ಲಿಗೆ ಬಂದಾಗ ಕೇಳುವವರು ತಲೆದೂಗುತ್ತಿದ್ದರು.

ಮಾವ ಬಂದ ದಿನದ ಬಗ್ಗೆ ನನಗೆ ಅನುಮಾನವಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತಿದ್ದರು.

"ಸಾರ್, ನಾನು ಇವಳ ಮಾವ. ಇಲ್ಲೇ ಹಿಂದ್ಗಡೆ ಕೂತ್ಕೊಳ್ಲಾ? ನಾನು ಕಣ್ಣೆದುರಿಗೇ ಇದ್ರೆ ಹೇಳ್ತಾಳಂತೆ."

"ನೀವು ಇದನ್ನೆಲ್ಲ ನಂಬ್ತೀರಾ?"

"ದಾರಿ ತಪ್ಪಿರೋದು ಬೇಕಾದಷ್ಟು ಸಲ ಸಾರ್. ಆ ಕಡೆ ಬೋರ್ಡು ಓದೋಕೆ ನಂಗೆ ಬರಲ್ಲ, ಅದಕ್ಕೆ. ಕಥೆ ಏನ್ಮಾಡುತ್ತೆ? ಆದ್ರೆ ಹುಡುಗಿ ಹೆದ್ರುತ್ತಲ್ಲ."

ಬೆಂಚು ಚಿಕ್ಕದು, ಮಂಡಿ ಡೆಸ್ಕಿಗೆ ತಾಗುತ್ತಿತ್ತು. ಅಡ್ಡಕ್ಕೆ ತಿರುಗಿ ಕೂತರು. ಹುಡುಗಿ ಒಮ್ಮೆ ಹಿಂದೆ ನೋಡಿ, ಅವರು ಅಲ್ಲೇ ಇದ್ದಾರೆ ಎಂದು ಖಾತ್ರಿ ಮಾಡಿಕೊಂಡು ಶುರುಮಾಡಿದಳು. ಒಂಟಿ ಮುದುಕಿಯ ಗುಡಿಸಲಿಗೆ ಹುಲಿ ಬರುತ್ತದೆ. ನನ್ನನ್ನು ತಿನ್ನುವ ಮುಂಚೆ ಊಟ ಮಾಡಪ್ಪ ಎಂದು ಮುದುಕಿ ಒಂದು ಬಿಸಿಬಿಸಿ ರಾಗಿಮುದ್ದೆ ಬಡಿಸುತ್ತಾಳೆ. ನುಂಗಬೇಕಾದ ಮುದ್ದೆಯನ್ನು ಹುಲಿ ಅಗಿದುಬಿಡುತ್ತದೆ. ಹಲ್ಲಿಗೆ ಹಲ್ಲು ಅಂಟಿಕೊಳ್ಳುತ್ತದೆ.

"ಒಂದಲ್ಲ ಕಣೇ, ಮೂರು ಮುದ್ದೆ" ಎಂದಿತು ಕೊನೆಯ ಬೆಂಚು. "ಅಜ್ಜಿ ಮೂರು ಅಂತಿದ್ದಿದ್ದು."

"ಸುಮ್ನಿರು ಮಾವ, ಹುಲಿಗೆ ಬಾಯೇ ಬಿಡೋಕಾಗ್ತಿಲ್ಲ, ಇನ್ನೆರಡು ಎಲ್ಲಿ ತಿನ್ನುತ್ತೆ?"

ಮಾವ ಹೇಳಿಕೊಟ್ಟಿದ್ದಕ್ಕೆ ಒಂದು ಅಂಕ ಕಡಿತ ಎಂದು ಒಂಬತ್ತು ಕೊಟ್ಟೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ.

ಈ ವರ್ಷ ಒಂದು ಸಂಜೆ ಭದ್ರಾವತಿಯಿಂದ ವಾಪಸು ಬರುವ ಬಸ್ಸಿನಲ್ಲಿ, ಶಾಲೆಗೆ ಹೊಸದಾಗಿ ಬಂದ ಮೇಷ್ಟರಿಗೆ ಇದನ್ನು ಹೇಳುತ್ತಿದ್ದೆ. ಮುಂದಿನ ಸೀಟಿನಲ್ಲಿದ್ದ ನಮ್ಮ ಗಣಿತದ ಮೇಡಂ ತಿರುಗಿದರು.

"ಕಾಯೋಣ ಅಂದ್ರಾ? ನೀವು ಸೊನ್ನೆ ಹಾಕಿದ್ರಿ ಮಾರಾಯ್ರೆ. ಮುಂದಿನ ಪೀರಿಯಡ್ ನಂದೇ ಇತ್ತು. ಡೆಸ್ಕ್ ಮೇಲೆ ತಲೆ ಇಟ್ಕೊಂಡು ಅಳ್ತಿತ್ತು ಆ ಹುಡುಗಿ."

"ಬೇರೆ ಯಾರೋ ಇರ್ಬೇಕು."

"ಇರಬಹುದಪ್ಪ. ನಂಗೂ ವಯಸ್ಸಾಯ್ತು" ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಶಿವಮೊಗ್ಗ ಬರುವವರೆಗೆ ನಾನು ಅವರ ನೆನಪನ್ನು ಅನುಮಾನಿಸಿದೆ. ಮನೆಗೆ ನಡೆಯುವಾಗ ನನ್ನದನ್ನು ಅನುಮಾನಿಸಲು ಶುರುಮಾಡಿದೆ. "ಕಾಯೋಣ" ಎಂದ ನನ್ನ ದನಿ ನನಗೆ ಕೇಳಿಸುತ್ತದೆ, ಆದರೆ ಅದಕ್ಕೆ ಆ ಹುಡುಗಿಯ ಮುಖ ಏನಾಯಿತು ಎಂಬುದು ಕಾಣಿಸುವುದಿಲ್ಲ. ಬಹುಶಃ ಆ ಮಾತನ್ನು ಅವತ್ತು ಸಂಜೆ ಇದೇ ಬಸ್ಸಿನಲ್ಲಿ, ಹೇಳಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದಿರಬಹುದು. ಮೂಢನಂಬಿಕೆಯನ್ನು ತಲೆಯಿಂದ ತೆಗೆಯುವುದೂ ಮೇಷ್ಟರ ಕೆಲಸವೇ ಎಂಬ ಹುರುಪು ಆಗ ನನಗಿತ್ತು. ಸೊನ್ನೆ ಹಾಕುವ ಮನುಷ್ಯ ನಾನಲ್ಲ ಎಂದು ಆಣೆ ಮಾಡಿ ಹೇಳಲಾರೆ.

ಹುಡುಗಿಯನ್ನೇ ವಿಚಾರಿಸಬಹುದಿತ್ತು. ಈಗ ಕಾಲೇಜಿನಲ್ಲಿದ್ದಾಳೆ. ಆದರೆ ಕೇಳಿದರೆ, ಮೇಷ್ಟರೆಂಬ ಮುಲಾಜಿಗೆ "ಹಂಗೇನಿಲ್ಲ ಸಾರ್" ಎಂದುಬಿಡುತ್ತಾಳೆ. ಅದರಿಂದ ನನಗೆ ಸಮಾಧಾನವಾಗುತ್ತದೆ, ಸತ್ಯ ಗೊತ್ತಾಗುವುದಿಲ್ಲ.

ಮರುದಿನ ಸ್ಟಾಫ್‌ರೂಮಿನ ಬೀರು ತೆಗೆದು, ದಾರ ಕಟ್ಟಿಟ್ಟ ಹಳೆಯ ಅಂಕವಹಿಗಳನ್ನು ಬಿಚ್ಚಿದೆ. ಅಂಕ ತಿದ್ದಿದರೆ ಪಕ್ಕದಲ್ಲಿ ಸಹಿ, ತಾರೀಖು ಇರಬೇಕು ಎನ್ನುವುದು ನಮ್ಮಲ್ಲಿ ಆಗಲೂ ನಿಯಮ. ಅವಳ ಹೆಸರಿನ ಮುಂದೆ ನನ್ನ ಕೈಯಲ್ಲೇ ಬರೆದ ಸೊನ್ನೆ ಇತ್ತು. ಅದರ ಮೇಲೆ ಒಂದು ಗೆರೆ, ಪಕ್ಕದಲ್ಲಿ ಒಂಬತ್ತು, ನನ್ನ ಸಹಿ. ಕಥೆ ಹೇಳಿಸಿದ ತಾರೀಖು ಪುಟದ ನೆತ್ತಿಯಲ್ಲಿತ್ತು, ತಿದ್ದಿದ ತಾರೀಖು ಸಹಿಯ ಕೆಳಗೆ. ಬೆರಳು ಮಡಿಚಿ ಎರಡು ಸಲ ಎಣಿಸಿದೆ. ನಡುವೆ ಎರಡಲ್ಲ, ಹನ್ನೊಂದು ದಿನ.