ಕಾಗೆ ಬಂಗಾರ ಅಂದುಬಿಟ್ಟೆ

ನನ್ನ ಮಗಳಿಗೆ ಆಗ ಹದಿಮೂರು ವರ್ಷ. ಸಿಡ್ನಿಯ ನಮ್ಮ ಮನೆಯಲ್ಲಿ ಅವಳು ನನಗೆ ಕೊಡುತ್ತಿದ್ದ ಉತ್ತರಗಳೆಲ್ಲ ಒಂದೊಂದೇ ಪದದವು: ‘ಫೈನ್’, ‘ನಥಿಂಗ್’, ‘ಲೇಟರ್’. ಮ್ಯಾಕ್ವೆರಿ ಪಾರ್ಕಿನ ಆಫೀಸು ಮುಗಿಸಿ, ಮೆಟ್ರೊ ಹಿಡಿದು ಬಂದು ನಾನು ಕನ್ನಡದಲ್ಲಿ ಏನು ಕೇಳಿದರೂ ಸಿಗುತ್ತಿದ್ದುದು ಅಷ್ಟೇ. ಶಾಲೆಯ ರಜೆಯಲ್ಲಿ ಅವಳನ್ನು ಕರೆದುಕೊಂಡು ಮೆಲ್ಬರ್ನಿಗೆ, ವೆರಿಬೀಯಲ್ಲಿರುವ ನನ್ನ ತಂಗಿಯ ಮನೆಗೆ ಹೋದೆ. ಮೊದಲ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಹೊರಗೆ ಬಂದರೆ ಅಡಿಗೆಮನೆಯಿಂದ ಅವಳ ದನಿ: “ಚಿಕ್ಕಮ್ಮ, ಇನ್ನೊಂದು ದೋಸೆ ಹಾಕ್ಕೊಡು. ಗರಿಗರಿಯಾಗಿರ್ಲಿ.”

‘ಗರಿಗರಿ’ ಎಂಬ ಪದ ಅವಳಿಗೆ ಗೊತ್ತಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಅವಳೂ ನನ್ನ ತಂಗಿಯೂ ತಿಂಗಳುಗಳಿಂದ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಿದ್ದರಂತೆ. ನನಗೆ ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು.

ಮರುದಿನ ತಂಗಿ ನಮ್ಮನ್ನು ಬ್ಯಾಲರಾಟ್‌ಗೆ ಕರೆದೊಯ್ದಳು. ಒಂದು ಕಾಲದಲ್ಲಿ ಜನ ಚಿನ್ನಕ್ಕಾಗಿ ಹಡಗು ಹತ್ತಿ ಬಂದು ನೆಲ ಅಗೆದ ಊರು ಅದು. ಈಗ ಪ್ರವಾಸಿಗರು ಒಂದು ತೋಡಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಅಗಲವಾದ ತಟ್ಟೆಯಲ್ಲಿ ಮರಳು ತೊಳೆದು ಚಿನ್ನದ ಚೂರು ಹುಡುಕುತ್ತಾರೆ. ಸಿಕ್ಕಿದ್ದನ್ನು ಪುಟ್ಟ ಸೀಸೆಯಲ್ಲಿ ಹಾಕಿಕೊಂಡು ಮನೆಗೆ ಒಯ್ಯಬಹುದು. ನೀರು ಮಂಜಿನಷ್ಟು ತಣ್ಣಗಿತ್ತು. ಬೆನ್ನು ನೋವೆಂದು ನೆಪ ಹೇಳಿ ನಾನು ಹಿಂದೆ ನಿಂತೆ. ಅವರಿಬ್ಬರೂ ಒಂದೇ ತಟ್ಟೆ ಹಿಡಿದು ಕೂತರು.

“ಜೋರಾಗಿ ಅಲ್ಲಾಡಿಸ್ಬೇಡ ಪುಟ್ಟಿ. ನಮ್ಮಮ್ಮ ರಾಗಿ ಗಾಳಿಸ್ತಿದ್ರಲ್ಲ, ಹಂಗೆ. ಭಾರ ಇರೋದು ತಳದಲ್ಲಿ ಕೂರತ್ತೆ, ಹಗುರ ಇರೋದು ನೀರಿನ ಜತೆ ಹೋಗತ್ತೆ,” ಎಂದಳು ತಂಗಿ.

ಅಮ್ಮನ ಪಕ್ಕ ಕೂತು ಕಲ್ಲು ಉಳಿಯದಂತೆ ರಾಗಿ ಗಾಳಿಸಲು ಕಲಿತವಳು ನಾನು. ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಅವಳಿಗೆ ಬುದ್ಧಿ ಬರುವ ಹೊತ್ತಿಗೆ ಮನೆಗೆ ಅಂಗಡಿಯ ಹಿಟ್ಟು ಬರುತ್ತಿತ್ತು. ಅವಳು ಆ ಕೆಲಸವನ್ನು ಒಂದು ದಿನವೂ ಮಾಡಿದವಳಲ್ಲ. ನನ್ನ ಮಗಳು ಮಾತ್ರ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು.

ಸ್ವಲ್ಪ ಹೊತ್ತಿನಲ್ಲೇ ಮಗಳು ಕೂಗಿದಳು: “ಚಿಕ್ಕಮ್ಮ, ಇಲ್ನೋಡು! ಹೊಳೀತಿದೆ!”

ನಾನು ಬಗ್ಗಿ ನೋಡಿದೆ. ಕಪ್ಪು ಮರಳಿನ ಅಂಚಿನಲ್ಲಿ ಸಾಸಿವೆಯ ಸಿಪ್ಪೆಯಷ್ಟು ಚೂರು. ತಟ್ಟೆ ಓರೆಯಾದರೂ ಅದು ಕದಲಲಿಲ್ಲ. ಚಿನ್ನವೇ, ನನಗೆ ಅನುಮಾನವಿರಲಿಲ್ಲ.

“ಅದು ಕಾಗೆ ಬಂಗಾರ ಕಣೇ,” ಎಂದೆ. “ಬರೀ ಅಭ್ರಕ, ಬಿಸಿಲಿಗೆ ಹೊಳೆಯತ್ತೆ. ಚೆಲ್ಲು.”

ಮಗಳು ಚಿಕ್ಕಮ್ಮನ ಮುಖ ನೋಡಿದಳು. ತಂಗಿ ನನ್ನ ಮುಖ ನೋಡಿದಳು. “ಅಮ್ಮ ಹೇಳಿದ್ಮೇಲೆ ಇರ್ಬೇಕು ಬಿಡು,” ಎಂದಳು. ಮಗಳು ತಟ್ಟೆಯನ್ನು ತೋಡಿಗೆ ಬಗ್ಗಿಸಿದಳು. ಆಮೇಲೆ ಎಷ್ಟು ಮರಳು ತೊಳೆದರೂ ಅವರಿಗೆ ಏನೂ ಸಿಗಲಿಲ್ಲ. ಖಾಲಿ ಸೀಸೆ ಹಿಡಿದುಕೊಂಡೇ ಕಾರು ಹತ್ತಿದರು.

ಮಾರನೆಯ ಬೆಳಿಗ್ಗೆ, ತಂಗಿ ಡಾಕ್‌ಲ್ಯಾಂಡ್ಸ್‌ನ ಆಫೀಸಿಗೆ ಹೊರಡುವ ಮುಂಚೆ ಡಬ್ಬಿ ಕಟ್ಟಿಕೊಳ್ಳುತ್ತಿದ್ದಾಗ ಹೇಳಿಬಿಟ್ಟೆ. “ನಿನ್ನೆ ಅದು ಚಿನ್ನಾನೇ ಆಗಿತ್ತು ಕಣೇ.”

ಅವಳು ತಿರುಗಲೂ ಇಲ್ಲ. “ಗೊತ್ತು ಅಕ್ಕ.”

“ಮತ್ತೆ ಯಾಕೆ ಸುಮ್ನಿದ್ದೆ?”

“ನಿನ್ನ ಮುಖ ನೋಡಿ, ಮಗಳ ಮುಂದೆ ನಿನ್ನ ಮಾತು ಸುಳ್ಳು ಅನ್ನಕ್ಕಾಗ್ಲಿಲ್ಲ. ಅವಳಿಗೆ ನೀನೇ ಹೇಳು. ನಾನು ಹೇಳಲ್ಲ.”

ಅವಳು ಬೈದಿದ್ದರೆ ವಾಸಿಯಿತ್ತು. ದೊಡ್ಡತನವೂ ಅವಳ ಪಾಲಾಯಿತಲ್ಲ ಎಂದು ಮತ್ತಷ್ಟು ಕುದ್ದೆ.

ಮಗಳಿಗೆ ಹೇಳಿದ್ದು ಅದೇ ಮಧ್ಯಾಹ್ನ, ಮನೆಯ ಹಿಂದಿನ ಪಾರ್ಕಿನಲ್ಲಿ. ಪೂರ್ತಿ ಕೇಳಿದವಳು, “ಯಾಕೆ ಸುಳ್ಳು ಹೇಳ್ದೆ?” ಎಂದಳು.

“ಹೊಟ್ಟೆಕಿಚ್ಚು.”

“ಹಂಗಂದ್ರೆ?”

ಆ ಪದವನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. “ಜೆಲಸಿ,” ಎಂದೆ. “ನೀನು ಚಿಕ್ಕಮ್ಮನ ಹತ್ರ ಮಾತಾಡೋ ಹಾಗೆ ನನ್ನ ಹತ್ರ ಆಡಲ್ಲ, ಅದಕ್ಕೆ.”

ಅವಳ ಕಣ್ಣು ತುಂಬಿತು. “ಅದು ನನ್ನ ಗೋಲ್ಡ್ ಆಗಿತ್ತು,” ಎಂದು ಎದ್ದು ಹೋದಳು. ಸಿಡ್ನಿಯ ವಿಮಾನದಲ್ಲಿ ಇಯರ್‌ಫೋನ್ ಹಾಕಿಕೊಂಡು ಕಿಟಕಿಯತ್ತ ತಿರುಗಿ ಕೂತಳು. ಮನೆಗೆ ಬಂದ ಮೇಲೂ ವಾರವಿಡೀ ಅವಳ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಒಳಗಿನಿಂದ ಚಿಕ್ಕಮ್ಮನ ಜತೆಗಿನ ನಗು ಕೇಳುತ್ತಿತ್ತು. ನಾನು ಹೊರಗೆ ಬಟ್ಟೆ ಮಡಿಸುತ್ತ ಕಿವಿಗೊಟ್ಟು ಕೂರುತ್ತಿದ್ದೆ. ನನ್ನ ಹೆಸರೆತ್ತಿ ನಗುತ್ತಿದ್ದರೋ ಏನೋ, ಕೇಳುವ ಧೈರ್ಯವಾಗಲಿಲ್ಲ.

ಒಂದು ಶನಿವಾರ ಅವಳೇ ಬಂದು ಸೋಫಾದ ಇನ್ನೊಂದು ತುದಿಯಲ್ಲಿ ಕೂತಳು. “ನೆಕ್ಸ್ಟ್ ಹಾಲಿಡೇಸ್ ಚಿಕ್ಕಮ್ಮ ಮತ್ತೆ ಅಲ್ಲಿಗೆ ಹೋಗೋಣ ಅಂದ್ರು. ಬರೋದಾದ್ರೆ ನೀನೂ ನೀರಿಗೆ ಕೈ ಹಾಕ್ಬೇಕು. ಹಿಂದೆ ನಿಂತ್ಕೊಂಡು ನೋಡೋದೆಲ್ಲ ಬೇಡ.”

ಆಗಲಿ ಎಂದೆ. ನನ್ನನ್ನು ಕರೆಯೋಣವೆಂದವರು ಇಬ್ಬರಲ್ಲಿ ಯಾರು ಎಂದು ಕೇಳಬೇಕೆನಿಸಿತು. ತಂಗಿಯೇ ಹೇಳಿಕೊಟ್ಟಿರುತ್ತಾಳೆ ಎಂದುಕೊಂಡಾಗ ಹಳೆಯ ಉರಿ ಒಂದಿಷ್ಟು ಎದ್ದಿತು. ಆದರೂ ಟಿಕೆಟ್ ಬುಕ್ ಮಾಡಿದೆ, ಇಬ್ಬರಿಗೂ.