ಪೇಟೆಂಟಿಗೊಂದು ಐಸ್ ಪೆಟ್ಟಿಗೆ

ಸದಾಶಿವಗಡದ ನಮ್ಮ ನೆರೆಮನೆಯ ಎಂಜಿನಿಯರ್, ಐಸ್ ಕರಗಿ ಮೀನು ಕೆಡುವ ಹೊತ್ತನ್ನು ಮೊದಲೇ ಹೇಳುವ ಸಾಫ್ಟ್‌ವೇರ್ ಬರೆದಿದ್ದ. ಬೇರೆಯವರು ನಕಲು ಮಾಡುವ ಮೊದಲು ಪೇಟೆಂಟ್ ಪಡೆಯುವ ಆತುರ ಅವನಿಗೆ. ಕಾರವಾರದ ವಕೀಲರಲ್ಲಿಗೆ ಹೊರಟಾಗ, ನನ್ನ ಪತ್ರಿಕೆಗೊಂದು ಸುದ್ದಿ ಸಿಗಬಹುದೆಂದು ನಾನೂ ಜೊತೆಗೆ ಹೋದೆ.

"ನಮ್ಮ ಕಾನೂನಿನಲ್ಲಿ ಬರೀ ಸಾಫ್ಟ್‌ವೇರಿಗೆ ಪೇಟೆಂಟ್ ಇಲ್ಲ. ಯಾವುದಾದರೂ ಸಾಧನಕ್ಕೆ ಜೋಡಿಸಿ ತನ್ನಿ, ವಾದಿಸಿ ನೋಡುವ" ಎಂದರು ವಕೀಲರು.

ಮರುದಿನ ಅವನು, ಮೀನು ಮಾರುವ ತನ್ನ ಚಿಕ್ಕಮ್ಮನ ಐಸ್ ಪೆಟ್ಟಿಗೆಗೆ ಮೊಬೈಲನ್ನು ಟೇಪಿನಿಂದ ಅಂಟಿಸಿ ವಕೀಲರ ಮೇಜಿನ ಮೇಲಿಟ್ಟ. ಕೋಣೆಯಲ್ಲೆಲ್ಲ ಬಂಗಡೆಯ ವಾಸನೆ ತುಂಬಿತು.

"ಈಗ ಇದು ಆವಿಷ್ಕಾರದ ಹಾಗೆ ಕಾಣುತ್ತದೆ" ಎಂದು ವಕೀಲರು ಮೂಗು ಮುಚ್ಚಿಕೊಂಡೇ ಒಪ್ಪಿದರು.

ಫೋಟೊ ತೆಗೆಯುವಷ್ಟರಲ್ಲಿ ಚಿಕ್ಕಮ್ಮ ರಿಕ್ಷಾದಲ್ಲಿ ಬಂದಿಳಿದರು.

"ಎಂತಾ ಮಾರಾಯಾ, ನನ್ನ ಪೆಟ್ಟಿಗೆ ಇಲ್ಲಿಗೆ ಎಂತಕ್ಕೆ ತಂದೆ? ಅಲ್ಲಿ ಮೀನೆಲ್ಲ ಬಿಸಿಲಿಗೆ ಬಿದ್ದದೆ!"

"ಮಾವಶಿ, ಒಂದು ಫೋಟೊ ಆಗೂವರೆಗೆ ತಡಿ. ಪೆಟ್ಟಿಗೆ ಇಲ್ಲದಿದ್ರೆ ಪೇಟೆಂಟ್ ಸಿಗೂದಿಲ್ಲ."

"ಮೀನು ಯಾವಾಗ ಕೆಡ್ತದೆ ಹೇಳೂದು ಸಾಕು. ನೀನೇ ಕೆಡಿಸ್ತಾ ಇದ್ದೆ!"

ಅವರು ಟೇಪ್ ಕಿತ್ತು, ಮೊಬೈಲನ್ನು ಅವನ ಕೈಗಿಟ್ಟು, ಪೆಟ್ಟಿಗೆ ಹೊತ್ತುಕೊಂಡು ಹೋದರು. ಕಾನೂನಿನ ಪ್ರಕಾರ ಅವನ ಕೈಯಲ್ಲಿದ್ದ ಆವಿಷ್ಕಾರ ಆ ಕ್ಷಣದಿಂದ ಮತ್ತೆ ಬರೀ ಸಾಫ್ಟ್‌ವೇರ್ ಆಯಿತು.