ಕಮಾನು ಪಟ್ಟಿಯ ಸದ್ದು ಕೇಳುತ್ತ ದೇವದುರ್ಗಕ್ಕೆ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಚಳಿಗಾಲ. ಎಳೆಬಿಸಿಲು ರಾಯಚೂರಿನ ಕೋಟೆಗೋಡೆಯ ಮೇಲೆ ಬೀಳುವ ಹೊತ್ತಿಗೆ ನಮ್ಮ ಪಿಕಪ್ ಗಾಡಿ ಮನೆ ಬಿಟ್ಟಿತು. ಹಿಂದೆ ಮಾನ್ವಿಯ ಅಂಗಡಿಯೊಂದಕ್ಕೆ ಇಳಿಸಬೇಕಾದ ಬೆಲ್ಲದ ಚೀಲಗಳು ಮತ್ತು ಕಬ್ಬಿಣದ ಸಾಮಾನು, ಮುಂದೆ ನಮ್ಮವರು ಮತ್ತು ನಾನು. ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗಿ, ಮರುದಿನ ನನ್ನ ನಾದಿನಿ ಇಂದಿರೆಯನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ಅವಳ ಕುಬಸ, ಅಂದರೆ ಸೀಮಂತ, ಮುಗಿದು ಎರಡು ವಾರವಾಗಿತ್ತು. ಅತ್ತೆಯವರಿಗೆ ಮೊಣಕಾಲು ನೋವು. ಬಸುರಿಯನ್ನು ಕರೆಯಲು ಹೆಂಗಸೊಬ್ಬಳು ಹೋಗಬೇಕಲ್ಲ, ಹಾಗಾಗಿ ಆ ಭಾಗ್ಯ ನನಗೆ ಬಂತು.

ನಮ್ಮವರು ಸಾಲೆ ಮಾಸ್ತರಿಕೆ ಬಿಟ್ಟು ಗಾಡಿ ಹಿಡಿದು ಆರೇಳು ತಿಂಗಳಾಗಿತ್ತು. ಸಿಕಂದರಾಬಾದಿನ ಹರಾಜಿನಲ್ಲಿ ಕೊಂಡ ಯುದ್ಧಕಾಲದ ಗಾಡಿ ಅದು. ಊರವರು ಇನ್ನೂ ಅವರನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ಹೆಚ್ಚು ಭಾರ ಹೊರಲೆಂದು ಹೋದ ವಾರವಷ್ಟೇ ಹಿಂದಿನ ಕಮಾನುಗಳಿಗೆ ಎರಡೆರಡು ಹೊಸ ಪಟ್ಟಿ ಹಾಕಿಸಿದ್ದರು. ಕಮಾನೆಂದರೆ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿ, ಗಾಡಿಯ ಭಾರ ಹೊತ್ತು ಕೂತ ಉಕ್ಕಿನ ಪಟ್ಟಿಗಳ ಕಟ್ಟು. ಕೆಲಸ ಮುಗಿಸಿದ ದಿನ ಮಿಸ್ತ್ರಿ ಖಾಜಾಸಾಬ ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ದ, “ಹೊಸಾ ಪಟ್ಟಿ ಅಂದ್ರ ಹೊಸಾ ಸೊಸಿ ಇದ್ದಂಗ್ರಿ ಮಾಸ್ತರ. ಹಳೇವರ ಜೋಡಿ ಹೊಂದ್ಕೊಳ್ಳಾಕ ವ್ಯಾಳ್ಯಾ ಬೇಕು. ಅಲ್ಲಿ ತನಕ ಒಂದೀಟು ಗುಣುಗುಣು ಅಂತದ.” ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಆ ಮಾತು ಬಹಳ ಹಿಡಿಸಿತು. ಅತ್ತೆಯವರಿಗೆ ಹಿಡಿಸಲಿಲ್ಲ.

ಗುಣುಗುಣು ಎಂದು ಅವನು ಹೇಳಿದ್ದು ಕಲ್ಲೂರು ಬರುವಷ್ಟರಲ್ಲಿ ಕಿರುಚಾಟವೇ ಆಯಿತು. ಚಕ್ರ ತಗ್ಗಿಗೆ ಇಳಿದಾಗಲೆಲ್ಲ ಹಿಂದಿನಿಂದ ‘ಕುಂಯ್ಯ್’ ಎಂಬ ಸದ್ದು. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಮಾನ್ವಿ ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅದರ ಚಾರ್ಜು ಹನ್ನೆರಡಾಣೆ, ಒಳಗೆ ಕೂರಲು ಜಾಗವಿಲ್ಲದೆ ಮೇಲೂ ಜನ. ಅವರೆಲ್ಲ ಒಟ್ಟಾಗಿ ಮಾಡುತ್ತಿದ್ದ ಗದ್ದಲಕ್ಕಿಂತ ನಮ್ಮದೇ ಜೋರಾಗಿತ್ತು.

“ಒಣಗ್ಯಾವ ಪಟ್ಟಿ. ಒಂದಕ್ಕೊಂದು ತಿಕ್ಕ್ಯಾಡಾಕತ್ತಾವ,” ಎಂದರು ನಮ್ಮವರು.

“ಎಣ್ಣಿ ಹಾಕಬೇಕಿತ್ತೇನು?”

“ಹಾಕಬೇಕಿತ್ತು. ಡಬ್ಬಿ ಮನ್ಯಾಗ ಉಳೀತು.”

ನೀರಮಾನ್ವಿಯ ಎಲ್ಲಮ್ಮನ ಗುಡಿಯ ಹತ್ತಿರ ಮರದ ನೆರಳಲ್ಲಿ ಗಾಡಿ ನಿಲ್ಲಿಸಿದೆವು. ಅಲ್ಲಿಯೇ ಮಲ್ಲಟದ ಬಂಡಿಯವನೊಬ್ಬ ಎತ್ತುಗಳಿಗೆ ಮೇವು ಹಾಕಿ ಕೂತಿದ್ದ. ಅವನ ಬಂಡಿಯ ಕೆಳಗೆ ಕೀಲೆಣ್ಣೆ ತುಂಬಿದ ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ನಾನೇ ಹೋಗಿ ಕೇಳಿದೆ. ಅವನು ಬಿಚ್ಚಿಕೊಟ್ಟು ನಮ್ಮ ಹಿಂದೆಯೇ ನೋಡಲು ಬಂದ.

“ಮೋಟಾರಿಗೂ ಕೀಲೆಣ್ಣಿ ಬೇಕೇನ್ರಿ ಯವ್ವಾ? ನಾ ಅದು ಬರೇ ಪೆಟ್ರೋಲ ಕುಡಿತದ ಅಂತ ಮಾಡಿದ್ದೆ.”

ನಮ್ಮವರು ಜಾಕು ಕೊಟ್ಟು ಗಾಡಿಯ ಮೈ ಎತ್ತಿದರು. ಚಕ್ರ ಜೋತುಬಿದ್ದಾಗ ಪಟ್ಟಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿತು. ನಾನು ಹಳೆಯ ಅರಿವೆ ಸೀಳಿ ಎಣ್ಣೆಯಲ್ಲಿ ಅದ್ದಿ ಕೊಟ್ಟೆ, ಅವರು ಚಾಕುವಿನ ತುದಿಯಿಂದ ಸಂದಿಗೆ ತುರುಕಿದರು. ಬಳಿಕ ಹುಡಿಮಣ್ಣಿನಲ್ಲಿ ಕೈ ತಿಕ್ಕಿ ತೊಳೆದು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಬಂಡಿಯವನಿಗೂ ಎರಡು ರೊಟ್ಟಿ ಕೊಟ್ಟೆ. ಅವನು ಚಟ್ನಿಗೆ ಇನ್ನೂ ಸ್ವಲ್ಪ ಬೆಳ್ಳುಳ್ಳಿ ಬೇಕಿತ್ತು ಎಂದ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಹಾಕುವುದಿಲ್ಲ ಎಂದಾಗ, ಪಾಪ ಎನ್ನುವಂತೆ ನನ್ನ ಮುಖ ನೋಡಿದ.

ಕಿರುಚಾಟ ನಿಂತಿತು. ಅದು ನಿಂತ ಮೇಲೆ, ಅದರ ಕೆಳಗೆ ಅಡಗಿದ್ದ ಇನ್ನೊಂದು ಸದ್ದು ಕೇಳಿಸಿತು. ಇದು ‘ಧಡ್’ ಎಂದು ಒಂದೇ ಪೆಟ್ಟು. ಮಾನ್ವಿಯ ಪೇಟೆಗೆ ಬರುವ ತನಕ ನಮ್ಮವರು ಅದು ತಗ್ಗಿನಿಂದ ಎಂದರು, ನಾನು ಅಲ್ಲ ಎಂದೆ. ವಾದ ತೀರಲಿಲ್ಲ. ಕೊನೆಗೆ ನಾನು ಇಳಿದು ಹಿಂದೆ ಹತ್ತಿ, ಬೆಲ್ಲದ ಚೀಲಗಳ ನಡುವೆ ಮಲಗಿ ಹಲಗೆಗೆ ಕಿವಿ ಕೊಟ್ಟೆ. ಅವರು ಅಂಗಡಿಯ ಮುಂದಿನ ಬಯಲಲ್ಲಿ ಗಾಡಿಯನ್ನು ಮುಂದಕ್ಕೆ ಹಿಂದಕ್ಕೆ ಓಡಿಸಿದರು. ಸಂತೆಗೆ ಹೊರಟಿದ್ದ ಮುದುಕಿಯೊಬ್ಬಳು ಗಾಡಿಯ ಪಕ್ಕ ನಡೆಯುತ್ತ ಕೇಳಿದಳು, “ಯಾಕವ್ವಾ, ಹೊಟ್ಟಿನೋವೇನು?”

“ಇಲ್ಲ ಯವ್ವಾ, ಗಾಡಿ ಸಪ್ಪಳ ಕೇಳಾಕತ್ತೀನಿ.”

“ಏನಂತದ?”

“ಇನ್ನಾ ಹೇಳವಲ್ದು.”

ಅವಳೂ ಬುಟ್ಟಿ ಇಳಿಸಿ, ಹೇಳುವುದನ್ನು ಕೇಳಿಯೇ ಹೋಗುವೆನೆಂದು ನಿಂತಳು. ಮೂರನೆಯ ಸಲಕ್ಕೆ ನನಗೆ ಖಾತ್ರಿಯಾಯಿತು. ಗಾಡಿ ಹೊರಡುವಾಗ ಒಂದು ಪೆಟ್ಟು, ಬ್ರೇಕು ಹಾಕಿದಾಗ ಒಂದು ಪೆಟ್ಟು, ನಡುವೆ ಏನೂ ಇಲ್ಲ. ಹಾಗೆಂದು ಹೇಳಿದೆ. ನಮ್ಮವರು ಇಳಿದು ಬಂದು ಹಿಂದಿನ ಚಕ್ರದ ಪಕ್ಕ ಬಗ್ಗಿ ನೋಡಿದರು.

“ಹಂಗಿದ್ರ ಅಚ್ಚ ಸರದಾಡಾಕತ್ತದ. ಹೊಸಾ ಪಟ್ಟಿ ಭಾರಕ್ಕ ಕುಂತಾವ, ಬೋಲ್ಟು ಸಡ್ಲಾಗ್ಯಾವ. ತಿರುಗಿ ಬಿಗೀರಿ ಅಂತ ಖಾಜಾಸಾಬ ಅಂದಿದ್ದ.”

“ನಿಮಗ ಅಂದಿದ್ನಾ?”

“ನನಗ ಅಂದಿದ್ದ,” ಎಂದು ನಟ್ಟು ಬಿಗಿಯುವ ಪಾನಾ ಹಿಡಿದು ಕೆಳಗೆ ತೂರಿದರು. ಕಮಾನನ್ನು ಅಚ್ಚಿಗೆ ಕಟ್ಟಿದ ಉದ್ದನೆಯ ಬೋಲ್ಟುಗಳ ನಟ್ಟು ಒಂದೊಂದೂ ಒಂದು ಸುತ್ತಿಗಿಂತ ಹೆಚ್ಚೇ ತಿರುಗಿದವು. ಪೆಟ್ಟು ನಿಂತಿತು. ಮುದುಕಿ ತನ್ನ ಬುಟ್ಟಿ ಹೊತ್ತುಕೊಂಡು, “ನಟ್ಟ ಬಿಗೀರಿ ಅಂತಿತ್ತಂತ,” ಎಂದು ಪಕ್ಕದವಳಿಗೆ ಹೇಳುತ್ತ ಹೋದಳು.

ಸಾಮಾನು ಇಳಿಸಿ, ಚಹಾ ಕುಡಿದು, ಗೆದ್ದವರಂತೆ ಸಿರವಾರದ ದಾರಿ ಹಿಡಿದೆವು. ಎರಡೂ ಕಡೆ ಕಪ್ಪು ನೆಲದಲ್ಲಿ ಬಿಳಿಜೋಳ ಆಳೆತ್ತರ ನಿಂತಿತ್ತು. ತಂಪು ಗಾಳಿ. ನಮ್ಮವರು ಹಾಡು ಗುನುಗಲು ಶುರುಮಾಡಿ, ಒಂದು ಮೈಲಿಯೂ ಆಗುವ ಮೊದಲು ನಿಲ್ಲಿಸಿದರು. ಹಿಂದೆ ‘ಟಕ ಟಕ ಟಕ’ ಎಂದು ಹೊಸ ಸದ್ದು. ಅದರೊಂದಿಗೆ ಗಾಡಿ ಆಡಿನಮರಿಯಂತೆ ಕುಣಿಯುತ್ತಿತ್ತು. ನಾಲ್ಕು ಸಲ ಇಳಿದು ನೋಡಿದರು. ಎಣ್ಣೆ ಇದ್ದಲ್ಲೇ ಇತ್ತು, ನಟ್ಟುಗಳು ಬಿಗಿಯಾಗಿಯೇ ಇದ್ದವು. ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಿದರೂ ಟಕಟಕ ಬಿಡಲಿಲ್ಲ. ನಮ್ಮ ಸೊಂಟವನ್ನು ಕೈಯಲ್ಲಿ ಹಿಡಿದುಕೊಂಡು, ದೀಪ ಹಚ್ಚುವ ಹೊತ್ತಿಗೆ ದೇವದುರ್ಗ ಸೇರಿದೆವು.

ಇಂದಿರೆಯ ಅತ್ತೆ ತುಂಗಕ್ಕ ಅಂಗಳದಲ್ಲೇ ನಿಂತಿದ್ದರು. ಗಟ್ಟಿ ಮೈಕಟ್ಟಿನ, ಗಟ್ಟಿ ಮಾತಿನ ಹೆಂಗಸು. ಮಗ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರಿಂದ ಮನೆಯ ತೀರ್ಮಾನಗಳೆಲ್ಲ ಅವರದೇ. ಕಾಲಿಗೆ ನೀರು ಕೊಟ್ಟು ಹೇಳಿದರು, “ನೀವು ಊರ ಅಗಸಿ ಬಾಗ್ಲ ದಾಟೋಕಿಂತ ಮೊದ್ಲ ನಿಮ್ಮ ಗಾಡಿ ಸಪ್ಪಳ ನಮ್ಮ ಅಡಗಿ ಮನಿಗೆ ಬಂತು. ನೀವು ಉಣ್ರಿ, ಆರಾಮ ಮಲ್ಕೊಳ್ರಿ. ಆದ್ರ ಅದರಾಗ ನನ್ನ ಸೊಸೀನ್ನ ಕಳಸಂಗಿಲ್ಲ.”

“ಹಂಗಾದ್ರ ಹೆಂಗ ತುಂಗಕ್ಕಾರ?” ಎಂದರು ನಮ್ಮವರು.

“ಸವಾರಿ ಬಂಡಿ ಕಟ್ಟಸ್ತೀನಿ. ಗಬ್ಬೂರಾಗ ವಸ್ತಿ ಮಾಡಿ, ಎರಡ ದಿನದಾಗ ಮುಟ್ಟತಾಳ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಇಂದಿರೆಯ ಪಾದ ಬಾತಿದ್ದವು, ಕಣ್ಣ ಸುತ್ತ ಕಪ್ಪಾಗಿತ್ತು. ಅಡಿಗೆ ಮನೆಯಲ್ಲಿ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು, “ವೈನಿ, ಎರಡ ದಿನ ಬಂಡ್ಯಾಗ ಮಡಚ್ಕೊಂಡು ಕುಂದ್ರಾಕ ನನ್ನ ಕೈಲೆ ಆಗಂಗಿಲ್ಲ. ಹೆಂಗರ ಮಾಡಿ ನಾಳೆ ಕರ್ಕೊಂಡು ಹೋಗ್ರಿ.” ಹಾಗೆಂದವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಲೆಯ ಹೊಗೆಯನ್ನು ಬೈದಳು. ಒಲೆಯಲ್ಲಿ ಹೊಗೆ ಇರಲಿಲ್ಲ.

ಊಟಕ್ಕೆ ಪುಂಡಿಪಲ್ಯ, ಬಿಳಿಜೋಳದ ರೊಟ್ಟಿ, ಕೆನೆಮೊಸರು. ನಮ್ಮವರಿಗೆ ಒಂದೂ ರುಚಿಸಲಿಲ್ಲ. ಹೊಸ ಪಟ್ಟಿಗಳನ್ನು ಬಿಚ್ಚಿಬಿಡೋಣ ಎಂದರೆ ಖಾಜಾಸಾಬ ಅಲ್ಲಿರಲಿಲ್ಲ, ಸಾಮಾನೂ ಇರಲಿಲ್ಲ. ಅವರ ತಟ್ಟೆಗೆ ಮೊಸರು ಬಡಿಸುತ್ತ ಕೇಳಿದೆ, “ಮಾನ್ವಿ ತನಕ ಈ ಟಕಟಕ ಇತ್ತೇನ್ರಿ?”

“ಇರಲಿಲ್ಲ.”

“ಬ್ಯಾರೆ ಎರಡರ ಗದ್ದಲದಾಗ ಕೇಳಸಲಿಲ್ಲೋ, ಇರಲೇ ಇಲ್ಲೋ?”

“ಇರಲೇ ಇಲ್ಲ. ಹಿಂಗ ಕುಣೀತಾನೂ ಇರಲಿಲ್ಲ. ಆವಾಗ ಹಿಂದ ಬೆಲ್ಲ...” ಎಂದು ಮಾತು ಅರ್ಧಕ್ಕೆ ನಿಲ್ಲಿಸಿದರು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. “ಭಾರ ಇತ್ತಲ್ಲ. ಇಷ್ಟು ಬಿರುಸು ಕಮಾನಿಗೆ ಖಾಲಿ ಗಾಡಿ ಸಾಲಂಗಿಲ್ಲ. ಪಟ್ಟಿ ತುದಿ ಎದ್ದೆದ್ದು ಬಡಿಯಾಕತ್ತಾವ.” ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು.

ಬೆಳಿಗ್ಗೆ ತುಂಗಕ್ಕನ ಮುಂದೆ ವಿಷಯ ಇಟ್ಟೆವು. ಮರಳಿನ ಚೀಲ ಹೇರಿ ನೋಡುತ್ತೇವೆ ಎಂದು ನಮ್ಮವರು ಹೇಳಿದಾಗ ಅವರ ಹುಬ್ಬು ಮೇಲೇರಿತು.

“ಬಸುರಿ ಹೆಣ್ಮಗಳ ಜೋಡಿ ಮರಳು ಕಳಿಸಿದ್ರ ಬೀಗರೂರಾಗ ನನ್ನ ಮರ್ಯಾದಿ ಏನಾಗಬೇಕು? ಜೋಳ ಹೇರ್ರಿ.”

ಆಳುಗಳು ಪಡಸಾಲೆಯಿಂದ ಜೋಳದ ಚೀಲ ಹೊತ್ತು ತಂದರು. ಎರಡು ಹೇರಿ ಓಣಿಯ ಸುತ್ತ ಹೋಗಿಬಂದೆವು, ಟಕಟಕ ಅಷ್ಟೇ ಇತ್ತು. ಇನ್ನೆರಡು ಹೇರಿದಾಗ ಸ್ವಲ್ಪ ತಗ್ಗಿತು. ಇನ್ನೂ ಎರಡು ಬಂದ ಮೇಲೆ ಕಲ್ಲುಹಾಸಿನ ಮೇಲೆ ಮಾತ್ರ ಒಮ್ಮೊಮ್ಮೆ ಕೇಳುತ್ತಿತ್ತು. ಓಣಿಯ ಜನವೆಲ್ಲ ಕಟ್ಟೆಯ ಮೇಲೆ ಕೂತು, ಈಗ ಕಡಿಮೆಯಾಯಿತು, ಇಲ್ಲ ಆಗಿಲ್ಲ ಎಂದು ಪಂಚಾಯತಿ ನಡೆಸಿದ್ದರು. ತುಂಗಕ್ಕ ಯಾರ ಮಾತನ್ನೂ ನಂಬಲಿಲ್ಲ. “ಸರೀರಿ, ನಾನ ಕುಂತು ನೋಡತೀನಿ,” ಎಂದು ಸೀರೆ ಎತ್ತಿ ಕಟ್ಟಿ, ಕುರ್ಚಿ ಹಾಕಿಸಿಕೊಂಡು ಹಿಂದೆ ಹತ್ತಿದರು. ಅವರು ಚೀಲದ ಮೇಲೆ ಕೂತದ್ದೇ ತಡ, ಕಲ್ಲುಹಾಸಿನ ಮೇಲೂ ಸದ್ದಿಲ್ಲ.

ಅಗಸಿಯ ತನಕ ಹೋಗಿ ತಿರುಗಿ ಬಂದೆವು. ಅವರು ಇಳಿಯಲಿಲ್ಲ. ಕೂತಲ್ಲಿಂದಲೇ ಸೊಸೆಯನ್ನು ಕರೆದರು. “ಇಂದಿರಾ, ಗಾದಿ ತಂದು ಹಾಸ್ಕೋ. ನನ್ನ ಟ್ರಂಕ್ನಾಗ ಎರಡು ಸೀರಿ ಇಡು.”

“ನೀವೂ ಬರತೀರೇನತ್ತಿ?”

“ನಾ ಇಳದ್ರ ಅದು ಮತ್ತ ಟಕಟಕ ಅಂತದಲ್ಲ.”

ಅವರೇ ಮೊದಲು ನಕ್ಕರು.

ಗಬ್ಬೂರಿನ ದಾರಿಯಲ್ಲಿ ರಾಯಚೂರಿಗೆ ಮೂವತ್ತು ಮೈಲಿಯ ಮೇಲೆ. ನಮ್ಮವರು ನಿಧಾನಕ್ಕೆ ಓಡಿಸಿದರು. ಹಿಂದೆ ತಾಡಪತ್ರಿಯ ನೆರಳಲ್ಲಿ ನಾವು ಮೂವರು. ಗಬ್ಬೂರಿನಲ್ಲಿ ಮಂಡಕ್ಕಿಯಿಂದ ಮಾಡಿದ ಮಂಡಾಳ ಒಗ್ಗರಣೆ ಕಟ್ಟಿಸಿಕೊಂಡೆವು. ತುಂಗಕ್ಕ ತಾವು ಹೊಸ ಸೊಸೆಯಾಗಿ ಬಂದಾಗ ಬಂಡಿ ಹಳ್ಳದಲ್ಲಿ ಮಗುಚಿ, ನೆನೆದ ಸೀರೆಯಲ್ಲೇ ಹೊಸ್ತಿಲು ದಾಟಿದ ಕಥೆ ಹೇಳಿದರು. ಇಂದಿರೆ ಹೂಂಗುಟ್ಟುತ್ತ ಇದ್ದವಳು ಸುಮ್ಮನಾದಳು. ನೋಡಿದರೆ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

“ಹದಿನೈದು ದಿನಾತು, ಹಿಂಗ ಮಲಗಿಲ್ಲ ನೋಡು,” ಎಂದರು ತುಂಗಕ್ಕ. ಆಮೇಲೆ ಕಥೆಯನ್ನು ಪಿಸುಮಾತಿನಲ್ಲಿ ಮುಂದುವರಿಸಿದರು.

ಇಳಿಬಿಸಿಲಿನಲ್ಲಿ ನಮ್ಮ ಓಣಿ ಬಂತು. ಅತ್ತೆಯವರು ಮೊಣಕಾಲು ನೋವನ್ನೂ ಮರೆತು, ಆರತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಮ್ಮವರು ಗಾಡಿ ನಿಧಾನ ಮಾಡಿ, ಹಿಂದಿನ ಕಿಂಡಿಯಿಂದ ನಮ್ಮ ಕಡೆ ನೋಡಿದರು. ತುಂಗಕ್ಕ ಮಲಗಿದವಳನ್ನು ತೋರಿಸಿ, ಮುಂದೆ ಹೋಗು ಎಂದು ಕೈಸನ್ನೆ ಮಾಡಿದರು.

ಗಾಡಿ ಸದ್ದಿಲ್ಲದೆ ನಮ್ಮ ಮನೆಯ ಮುಂದೆಯೇ ಹಾದುಹೋಯಿತು. ಅತ್ತೆಯವರು ತಟ್ಟೆ ಹಿಡಿದುಕೊಂಡೇ ಎರಡು ಹೆಜ್ಜೆ ಬೀದಿಗೆ ಇಳಿದು, ನಾವು ಕೋಟೆಯ ಕಡೆ ಒಂದು ಸುತ್ತು ಹಾಕಲು ತಿರುಗುವವರೆಗೂ ನೋಡುತ್ತ ನಿಂತಿದ್ದರು.